ಸುಟ್ಟ ಫರಸಿ

ನಾನು ಈಗ ಇರುವ ಹುಬ್ಬಳ್ಳಿಯ ಕಟ್ಟಡದಲ್ಲಿ ಮೆಟ್ಟಿಲುಗಳನ್ನು ಆಗಾಗ ಆಸಿಡ್ ಹಾಕಿ ತೊಳೆಯುತ್ತಾರೆ. ಆ ವಾಸನೆ ಸಂದಿಯಿಂದ ಒಳಗೆ ಬಂದ ಕೂಡಲೇ ಮಾಡುತ್ತಿದ್ದ ಕೆಲಸ ಬಿಟ್ಟು ಕಿಟಕಿಗಳನ್ನೆಲ್ಲ ತೆರೆಯುತ್ತೇನೆ, ಒದ್ದೆ ಅರಿವೆಯೊಂದನ್ನು ಬಾಗಿಲಿನ ಬುಡಕ್ಕೆ ಒತ್ತುತ್ತೇನೆ. ಮೂಗು ಸುಡುವ, ಗಂಟಲಿನಲ್ಲಿ ತುಕ್ಕಿನ ರುಚಿ ಉಳಿಸುವ ವಾಸನೆ ಅದು. ಪತ್ರಿಕೆಯಲ್ಲಿ ದುಡಿದವಳು ನಾನು. ಸುಟ್ಟ ಗೋದಾಮು, ಶವಾಗಾರ, ಕೊಳೆತ ಬೆಳೆ ಎಲ್ಲದರ ಪಕ್ಕ ನಿಂತು ಕಂಡದ್ದನ್ನು ಬರೆದುಕೊಂಡಿದ್ದೇನೆ. ಇದೊಂದನ್ನು ಮಾತ್ರ ತಾಳಲಾರೆ. ಇದು ಬಂದರೆ ನಾನು ಶಲವಡಿಯ ನಮ್ಮ ಮನೆಯ ಪಡಸಾಲೆಯಲ್ಲಿರುತ್ತೇನೆ. ಅಂಗಾಲಿನ ಕೆಳಗೆ ತಣ್ಣಗಿನ ಕರಿ ಫರಸಿ ಕಲ್ಲು ಇರುತ್ತದೆ. ಹಿತ್ತಲಿನ ಕಡೆಯಿಂದ ದೊಡ್ಡವ್ವ ಕೆಮ್ಮುತ್ತಿರುತ್ತಾಳೆ.

ದೊಡ್ಡವ್ವ ಎಂದರೆ ಗಿರಿಜವ್ವ, ನನ್ನ ದೊಡ್ಡಪ್ಪನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅಪ್ಪ, ಅವ್ವ, ಅಪ್ಪನ ತಮ್ಮ ಶಿವಾನಂದ ಕಾಕಾ, ದೊಡ್ಡವ್ವನ ಒಬ್ಬಳೇ ಮಗಳು ಶಾಂತಕ್ಕ, ಎಲ್ಲರೂ ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದೆವು. ಹೊಲದ ಲೆಕ್ಕ ಅಪ್ಪನದು, ಒಲೆ ಅವ್ವನದು, ನೆಲ ದೊಡ್ಡವ್ವನದು. ನಮ್ಮದು ಎರಿಯ, ಕಪ್ಪು ಮಣ್ಣಿನ ಊರು. ಮಳೆ ಬಿದ್ದರೆ ಆ ಮಣ್ಣು ಕಾಲಿಗೆ ಚಪ್ಪಲಿಗಿಂತ ದಪ್ಪವಾಗಿ ಮೆತ್ತಿಕೊಳ್ಳುತ್ತದೆ. ಅಂಥ ಊರಿನಲ್ಲಿ ಪಡಸಾಲೆಯ ಶಹಾಬಾದಿ ಫರಸಿಯನ್ನು ಅವಳು ಇಟ್ಟುಕೊಂಡಿದ್ದ ರೀತಿ ನನಗೆ ಈಗಲೂ ಆಶ್ಚರ್ಯ. ಹೊಸದಾಗಿ ಬಂದಾಗ ಬೂದಿ ಬಣ್ಣದ್ದಂತೆ ಆ ಕಲ್ಲು. ನಾನು ಕಣ್ಣು ಬಿಡುವ ಹೊತ್ತಿಗೆ ಎಮ್ಮೆಯ ಬೆನ್ನಿನ ಹಾಗೆ ಕಪ್ಪಾಗಿ, ಒಳಗಿನಿಂದ ಮಿನುಗುತ್ತಿತ್ತು. ಮಧ್ಯಾಹ್ನ ಬಾಗಿಲಿನಿಂದ ಬಿದ್ದ ಬಿಸಿಲು ಅದರ ಮೇಲೆ ಉದ್ದಕ್ಕೆ ಮಲಗುತ್ತಿತ್ತು. ನಾನೂ ಮಲಗುತ್ತಿದ್ದೆ, ಕೆನ್ನೆ ಕಲ್ಲಿಗೆ ಹಚ್ಚಿ.

ಅವಳ ಕ್ರಮದಲ್ಲಿ ಅವಸರ ಇರಲಿಲ್ಲ. ಮೊದಲು ಮೆತ್ತನೆಯ ಕಸಬರಿಗೆಯಿಂದ ಮರಳಿನ ಕಣವೆಲ್ಲ ಹೋಗುವ ತನಕ ಗುಡಿಸುವುದು. ಕಣ ಉಳಿದು ಮೇಲೆ ಅರಿವೆ ಎಳೆದರೆ ಕಲ್ಲಿಗೆ ಗೀರು ಬೀಳುತ್ತದೆ. ಆಮೇಲೆ ಹಳೆಯ ನೂಲಿನ ಸೀರೆಯ ತುಂಡು, ನೀರು, ಮತ್ತೇನೂ ಇಲ್ಲ. ನಮ್ಮ ಹಿತ್ತಲಿನ ಬಾವಿಯದು ಸವಳು ನೀರು. ಅದರಿಂದಲೇ ಒರೆಸಿ ಬಿಟ್ಟರೆ ಒಣಗಿದ ಮೇಲೆ ಬಿಳಿ ಹೊಪ್ಪಳೆ ಕೂರುತ್ತದೆ. ಅದಕ್ಕೆ ಕೊನೆಯ ಕೈಯನ್ನು ಕೆರೆಯ ಸಿಹಿ ನೀರಿನಿಂದಲೇ ಕೊಡುತ್ತಿದ್ದಳು, ಕುಡಿಯಲು ತಂದ ಕೊಡದಿಂದ ಒಂದು ತಂಬಿಗೆ ಇಳಿಸಿಕೊಂಡು. ಅವ್ವ ಗೊಣಗುತ್ತಿದ್ದಳು. ನಂತರ ಒಣ ಅರಿವೆ. ದೇವರ ಜಗಲಿಯ ಮುಂದೆ ದೀಪದ ಎಣ್ಣೆ ಚೆಲ್ಲಿದರೆ ಉಜ್ಜುತ್ತಿರಲಿಲ್ಲ. ಜೋಳದ ಹಿಟ್ಟು ಸುರಿದು ಮುಚ್ಚಿ ಬಿಡುತ್ತಿದ್ದಳು, ಮುಂಜಾನೆಯ ಹೊತ್ತಿಗೆ ಹಿಟ್ಟು ಎಣ್ಣೆ ಕುಡಿದಿರುತ್ತಿತ್ತು. ಹುಳಿಯ ವಿಷಯದಲ್ಲಿ ಮಾತ್ರ ಅವಳು ತಾಳ್ಮೆ ಕಳೆದುಕೊಳ್ಳುತ್ತಿದ್ದಳು. ಒಮ್ಮೆ ನನ್ನ ಕೈಯಿಂದ ಮಜ್ಜಿಗೆ ಚೆಲ್ಲಿತು.

"ಲೇ ಹುಡುಗಿ, ಚೆಲ್ಲಿ ಕುಂತ ನೋಡ್ತೀಯಲ್ಲ, ಒರಸಬೇ ಮೊದಲ! ಹುಳಿ ಕಲ್ಲಿಗೆ ಆಗಂಗಿಲ್ಲ."

"ಕಲ್ಲ ಅಲ್ಲೇನ ದೊಡ್ಡವ್ವ, ಅದಕ್ಕೇನಾಗ್ತೈತಿ?"

"ಹುಣಸಿಕಾಯಿ ತಿಂದಾಗ ನಿನ್ನ ಹಲ್ಲಿಗೇನಾಗ್ತೈತಿ? ಅದ ಆಗ್ತೈತಿ. ಹಲ್ಲ ಚಳತರ ನೀ ಒದರ್ತಿ. ಅದಕ್ಕ ಬಾಯಿಲ್ಲ."

ಶಾಂತಕ್ಕನನ್ನು ಮೊರಬಕ್ಕೆ ಕೊಟ್ಟಿತ್ತು. ಚೊಚ್ಚಲ ಬಸುರಿಗೆ ನಮ್ಮ ಮನೆಯಲ್ಲಿ ಕುಬಸದ ಕಾರ್ಯ ಮಾಡಿದಾಗ ಅವಳ ಅತ್ತೆ ಬಂಡಿ ತುಂಬ ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ದೊಡ್ಡ ಬಾಯಿಯ ಹೆಂಗಸು. ಕೆಟ್ಟವಳಲ್ಲ, ನಾಲ್ಕು ಜನ ನಗುವಂತೆ ಮಾತಾಡುವ ಚಟ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಅವಳು ನೆಲದ ಮೇಲೆ ಕೈಯಾಡಿಸಿ ಹೇಳಿದಳು: "ಮನಿ ಭಾಳ ಚಲೋ ಐತ್ರಿ ಬೀಗರ. ಫರಸಿ ಮಾತ್ರ ಹಂಚಿನ ತಳದಂಗ ಕರ್ರಗಾಗೇತಿ. ಇದರ ಮ್ಯಾಲ ಹೊಳ್ಳಾಡಿ ನಮ್ಮ ಕೂಸಿಗೂ ಅದ ಬಣ್ಣ ಹತ್ತೀತು, ನೋಡ್ರಿ ಮತ್ತ!" ಹೆಂಗಸರು ನಕ್ಕರು. ದೊಡ್ಡವ್ವನೂ ನಕ್ಕಳು. "ಹತ್ತಲಿ ಬಿಡ್ರಿ. ಕರೇ ಎರಿಯೊಳಗ ಬೆಳಿ ಚಲೋ ಬರ್ತೈತಿ," ಎಂದಳು. ಆದರೆ ಅವರು ಹೋದ ಮೇಲೆ ಅವಳು ಆ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಲ್ಲನ್ನು ಬಹಳ ಹೊತ್ತು ನೋಡಿದ್ದು ನನಗೆ ನೆನಪಿದೆ. ಇಷ್ಟು ವರ್ಷ ಹೊಳಪು ಎಂದುಕೊಂಡದ್ದು ಬೇರೆಯವರ ಕಣ್ಣಿಗೆ ಹೊಲಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಮಾತು ಶಿವಾನಂದ ಕಾಕಾನಿಗೂ ನಟ್ಟಿತ್ತು.

ಗಂಡು ಕೂಸು ಹುಟ್ಟಿತು. ಬಾಣಂತಿಯನ್ನು ಬಚ್ಚಲಿನ ಪಕ್ಕದ ಸಣ್ಣ ಕೋಣೆಯಲ್ಲಿ ಮಲಗಿಸಿದ್ದರು. ನಮ್ಮ ಕಡೆ ಬಾಣಂತಿಗೆ ಗಾಳಿ ಸೋಕಬಾರದು. ಕೋಣೆಯ ಕಿಂಡಿಗೆ ಗೋಣಿಚೀಲ ತುರುಕಿದ್ದರು, ಬಚ್ಚಲಿನ ಕಿಂಡಿಗೂ ತುರುಕಿದ್ದರು, ಬಚ್ಚಲಿನಿಂದ ಹಿತ್ತಲಿಗೆ ತೆರೆಯುವ ಬಾಗಿಲಿಗೆ ಹಗಲೂ ಅಗಳಿ ಹಾಕಿರುತ್ತಿತ್ತು. ಬಚ್ಚಲಿನಿಂದ ಕೋಣೆಗೆ ಇನ್ನೊಂದು ಬಾಗಿಲು, ಬಿಸಿನೀರು ಹಾಕಿಸಿಕೊಂಡವಳು ಹಾಗೇ ಒಳಗೆ ಹೋಗಲು. ಹೆಸರಿಡುವ ತನಕ ಕೂಸನ್ನು ತೊಟ್ಟಿಲಿಗೆ ಹಾಕುವಂತಿಲ್ಲ. ಕಲಘಟಗಿಯಿಂದ ತರಿಸಿದ ಬಣ್ಣದ ತೊಟ್ಟಿಲು ಪಡಸಾಲೆಯ ಮೂಲೆಯಲ್ಲಿ ಹಳೆಯ ಧೋತರ ಹೊದ್ದು ಕಾಯುತ್ತಿತ್ತು. ಕೂಸು ನೆಲಕ್ಕೆ ಹಾಸಿದ ಕೌದಿಯ ಮೇಲೆ ತಾಯಿಯ ಮಗ್ಗುಲಲ್ಲಿ ಮಲಗಿತ್ತು.

ತೊಟ್ಟಿಲ ಕಾರ್ಯದ ಹಿಂದಿನ ದಿನ ಮುಂಜಾನೆ ಕಾಕಾ ಅಣ್ಣಿಗೇರಿಯಿಂದ ಒಂದು ಕ್ಯಾನು ತಂದು ದೊಡ್ಡವ್ವನ ಮುಂದೆ ಇಟ್ಟ.

"ವೈನಿ, ಬೀಗರ ಬಾಯಿ ಮುಚ್ಚೂ ಔಷಧ ತಂದೀನಿ."

"ಬಾಯಿ ಮುಚ್ಚೂ ಔಷಧ ಮೊದಲ ನಿನಗ ಬೇಕಾಗೇತಿ. ಏನೋ ಅದು?"

"ಆಸಿಡ್, ವೈನಿ," ಎನ್ನುತ್ತ ಅವನು ಮುಚ್ಚಳ ತಿರುವಿದ. ಪಡಸಾಲೆಯ ನಡುವಿನ ಫರಸಿಯ ಮೇಲೆ ಸುರಿದ. ಕಲ್ಲು ಬುರುಬುರು ನೊರೆಯಾಯಿತು. ಹಾಲು ಉಕ್ಕುವ ಸದ್ದು. ಕಾಕಾ ಕುಣಿಯುವುದೊಂದು ಬಾಕಿ. "ನೋಡ್ರಿ, ನೋಡ್ರಿ, ಹೆಂಗ ಕುದಿಯಾಕತ್ತೈತಿ! ವರ್ಷಗಟ್ಟಲೆ ಹೊಲಸು, ಅಗದಿ ಕಿತ್ಗೊಂಡ ಬಂತು!"

"ಹೊಲಸಲ್ಲೋ ಅದು! ಕಲ್ಲ ಹೊಂಟೈತಿ!" ದೊಡ್ಡವ್ವ ಕೂಗಿ, ಕೈಗೆ ಸಿಕ್ಕ ಸಿಹಿನೀರಿನ ಕೊಡವನ್ನೇ ಎತ್ತಿ ಸುರಿದಳು. ಒದ್ದೆಯಿದ್ದಾಗ ಆ ಜಾಗ ಚೊಕ್ಕಟವಾಗಿಯೇ ಕಂಡಿತು. ಒಣಗಿದ ಮೇಲೆ ಗೊತ್ತಾಯಿತು. ಎಮ್ಮೆಯ ಬೆನ್ನಿನ ನಡುವೆ ಬೂದಿ ಬಣ್ಣದ ಹುಣ್ಣು. ಬೆರಳಿಟ್ಟರೆ ಮರಳು ಕಾಗದದ ಹಾಗೆ ತರಿತರಿ. ಅವಳು ಅರಿವೆಗೆ ಕುಸುಬಿ ಎಣ್ಣೆ ಹಚ್ಚಿ ತಿಕ್ಕಿದಳು. ಹುಣ್ಣು ಎಣ್ಣೆ ಕುಡಿಯಿತು, ಹೊಳೆಯಲಿಲ್ಲ. ಹುಳಿ ತಿಂದ ಶಹಾಬಾದಿ ಕಲ್ಲಿನ ಹೊಳಪು ಅಂಥ ಉಪಾಯಕ್ಕೆ ಮರಳುವುದಿಲ್ಲ ಎಂದು ಈಗ ನನಗೆ ಗೊತ್ತು. ಕಾಕಾ ತಲೆ ಕೆಳಗೆ ಹಾಕಿ ಹೊಲಕ್ಕೆ ಹೋದ. ಕ್ಯಾನಿನಲ್ಲಿ ಅರ್ಧ ಉಳಿದಿತ್ತು.

ಉಳಿದದ್ದನ್ನು ಅವಳು ಎಸೆಯಬಹುದಿತ್ತು. ಆದರೆ ಅದೇ ಮುಂಜಾನೆ ಶಾಂತಕ್ಕ ಬಚ್ಚಲಿನಲ್ಲಿ ಜಾರಿ ಗೋಡೆ ಹಿಡಿದು ನಿಂತಿದ್ದಳು. ಬಾಣಂತಿಗೆ ಹಚ್ಚುವ ಎಣ್ಣೆ, ಅರಿಷಿಣ, ಕಡಲೆ ಹಿಟ್ಟು ಎಲ್ಲ ಸೇರಿ ಬಚ್ಚಲ ಕಲ್ಲು ಲೋಳೆಯಾಗಿತ್ತು. ಕೆಳಗೆ ಸವಳು ನೀರಿನ ಬಿಳಿ ಪದರ. ದೊಡ್ಡವ್ವ ಬಾವಿಗೆ ಹಾಕಲು ತಂದಿಟ್ಟಿದ್ದ ಬ್ಲೀಚಿಂಗ್ ಪುಡಿಯನ್ನು ಆಗಲೇ ಅಲ್ಲಿ ಚೆಲ್ಲಿ ನೆನೆಯಲು ಬಿಟ್ಟಿದ್ದಳು. ಮಧ್ಯಾಹ್ನ ನೋಡಿದರೆ ಪದರ ಬಿಟ್ಟಿರಲಿಲ್ಲ. ನಾನು ಕೋಣೆಯ ಕಡೆಯ ಬಾಗಿಲಲ್ಲಿ ನಿಂತಿದ್ದೆ. "ಪಡಸಾಲಿ ಕಲ್ಲ ಅಂತೂ ಕೆಡಿಸಿದ. ಈ ಕಲ್ಲ ಹೆಂಗೂ ಕೆಟ್ಟದ್ದ ಐತಿ. ನಾಳೆ ಶಾಂತಿ ಕೂಸಿನ್ನ ಹಿಡಕೊಂಡ ಜಾರಿದ್ರ?" ಎಂದು ತನಗೇ ಹೇಳಿಕೊಂಡಳು. ಒಂದಕ್ಕೆ ಬಿಡದ್ದು ಎರಡಕ್ಕೆ ಬಿಟ್ಟೀತು ಎಂಬ ಲೆಕ್ಕ. "ಹೊರಗ ಹೋಗಬೇ ನೀ, ನಾತ ಬರ್ತೈತಿ," ಎಂದು ನನ್ನನ್ನು ದೂಡಿ ಬಾಗಿಲು ಹಾಕಿಕೊಂಡಳು.

ಪುಡಿಯ ಮೇಲೆ ಆಸಿಡ್ ಬಿದ್ದರೆ ವಿಷದ ಗಾಳಿ ಏಳುತ್ತದೆ. ಅದು ಭಾರವಾದ ಗಾಳಿ. ಮೇಲೇರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಇದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನು ಹಿತ್ತಲಿಗೆ ಸುತ್ತಿ ಬಂದಾಗ ಒಳಗೆ ಕೆಮ್ಮು ಕೇಳಿತು. ಸದ್ದಿಲ್ಲದ ಒಂದು ಗಳಿಗೆ, ಮತ್ತೆ ಕೆಮ್ಮು. ಅಗಳಿ ತೆಗೆಯಲು ಅವಳಿಗೆ ಯಾಕಿಷ್ಟು ಹೊತ್ತು ಎಂದು ನಾನು ಹೊರಗೆ ನಿಂತು ಯೋಚಿಸಿದ್ದು ನೆನಪಿದೆ. ಬಾಗಿಲು ತೆರೆದಾಗ ಅವಳ ಹಿಂದೆ ಹಳದಿ ಹಸಿರಿನ ತೆಳು ಹೊಗೆ ಕಾಲಿನ ಮಟ್ಟದಲ್ಲಿತ್ತು. ಅವಳು ಮೆಟ್ಟಿಲ ಮೇಲೆ ಕುಸಿದಳು. ಕಣ್ಣು ಕೆಂಡ. ಏನೋ ಹೇಳಲು ಹೋಗಿ ಒಳಗಿನ ಕೋಣೆಯ ಕಡೆ ಕೈ ಮಾಡಿದಳು.

ನಾವು ತಪ್ಪು ತಿಳಿದೆವು. ಒಳಗೆ ಕರೆದುಕೊಂಡು ಹೋಗಿ ಎನ್ನುತ್ತಿದ್ದಾಳೆ ಎಂದುಕೊಂಡೆವು. ಎದೆಗೆ ಗಾಳಿ ಹೊಕ್ಕಿದೆ ಎಂದು ಓಣಿಯ ಹಿರಿಯ ಹೆಂಗಸರು ತೀರ್ಮಾನಿಸಿದರು. ಬಾಣಂತಿಗೆ ಮಾಡುವುದನ್ನೇ ಅವಳಿಗೂ ಮಾಡಿದರು: ಅಡುಗೆ ಮನೆಯ ಬಾಗಿಲು ಮುಚ್ಚಿ, ಕೆಂಡದ ಮೇಲೆ ಅಜಿವಾನ ಹಾಕಿ, ಕಂಬಳಿ ಹೊದಿಸಿ ಹೊಗೆ ಕೊಟ್ಟರು. ತೆರೆದ ಅಂಗಳ ಬೇಕಾಗಿದ್ದ ಜೀವವನ್ನು ಹೊಗೆಯಲ್ಲಿ ಕೂರಿಸಿದೆವು. ಅವಳು ಕಂಬಳಿ ಕಿತ್ತು ಕಿತ್ತು ಎಸೆಯುತ್ತಿದ್ದಳು. ಅವ್ವ ಅಳುತ್ತ ಮತ್ತೆ ಹೊದಿಸುತ್ತಿದ್ದಳು. ಸಂಜೆಗೆ ತುಟಿ ನೀಲಿಯಾದಾಗ ಅಪ್ಪ ಟ್ರ್ಯಾಕ್ಟರಿನಲ್ಲಿ ಅಣ್ಣಿಗೇರಿಗೆ ಒಯ್ದ. ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು.

ಮರುದಿನ ಅವ್ವ ಬಚ್ಚಲು ತೊಳೆಯಲು ಹೋದಳು, ಹಿತ್ತಲಿನ ಬಾಗಿಲು ತೆರೆದಿಟ್ಟು, ಬರೀ ನೀರಿನಿಂದ. ಬಾಣಂತಿ ಕೋಣೆಯ ಬಾಗಿಲನ್ನೂ ತೆರೆಯಲು ಹೋದರೆ ಬರಲಿಲ್ಲ. ಬಗ್ಗಿ ನೋಡಿದರೆ ಅದರ ಬುಡದ ಸಂದಿಯಲ್ಲಿ ಆ ತುದಿಯಿಂದ ಈ ತುದಿಯ ತನಕ ಫರಸಿ ಒರೆಸುವ ಒದ್ದೆ ಅರಿವೆಯನ್ನು ತುರುಕಿತ್ತು. ಬೆರಳಿನಿಂದ ಒತ್ತಿ ಒತ್ತಿ, ಒಂದೆಳೆ ಜಾಗ ಬಿಡದೆ. ಹಿತ್ತಲಿನ ಅಗಳಿ ಅವಳ ಕೈಗೆ ಸಿಗುವಷ್ಟು ಹತ್ತಿರವಿತ್ತು. ಅವಳು ಮೊದಲು ಇತ್ತ ತಿರುಗಿದ್ದಳು. ಗಾಳಿ ಎತ್ತ ಹರಿಯುತ್ತಿದೆ ಎಂದು ಅವಳಿಗೆ ಕಂಡಿತ್ತು, ಬಾಗಿಲಿನ ಆಚೆ ನೆಲದ ಮೇಲೆ ಯಾರು ಮಲಗಿದ್ದಾರೆ ಎಂದು ಗೊತ್ತಿತ್ತು. ಅವ್ವ ಆ ಅರಿವೆಯನ್ನು ಹಿಡಿದುಕೊಂಡು ಬಚ್ಚಲಲ್ಲೇ ಕುಳಿತುಬಿಟ್ಟಳು.

ಬೀಗರಿಗೆ ಸುದ್ದಿ ಮುಟ್ಟಿಸಲು ಆಗಲಿಲ್ಲ. ಅವರು ಬಂದೇ ಬಿಟ್ಟರು. ಗಿರಿಜವ್ವನಿಗೆ ದಮ್ಮು ಬಂದು ದವಾಖಾನೆಯಲ್ಲಿದ್ದಾಳೆ ಎಂದಷ್ಟೇ ಅಪ್ಪ ಹೇಳಿದ. ತೊಟ್ಟಿಲ ಕಾರ್ಯ ಸದ್ದಿಲ್ಲದೆ ನಡೆಯಿತು. ಜೋಗುಳಕ್ಕೆ ದನಿ ಎತ್ತಬೇಕಾದವಳು ಅವಳು. ಅವ್ವ ಎರಡು ಸಾಲು ಹಾಡಿ ನಿಲ್ಲಿಸಿದಳು. ಶಾಂತಕ್ಕನ ಅತ್ತೆ ಪಡಸಾಲೆಯ ನಡುವೆ ನೋಡಿ, "ಇಲ್ಲೇನ್ರಿ, ಸುಣ್ಣಾ ಚೆಲ್ಲೀರೇನ?" ಎಂದು ಕೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಕಾಕಾ ಎದ್ದು ಹೊರಗೆ ಹೋದ.

ದೊಡ್ಡವ್ವ ತಿರುಗಿ ಬಂದಳು, ಆದರೆ ಅರ್ಧ ಉಸಿರಿನವಳಾಗಿ. ಒಂದು ಮಾತಿಗೆ ಎರಡು ಸಲ ನಿಲ್ಲುತ್ತಿದ್ದಳು. ಬಗ್ಗಿದರೆ ಕೆಮ್ಮು ಕಟ್ಟಿಕೊಳ್ಳುತ್ತಿತ್ತು, ಹೀಗಾಗಿ ನೆಲ ಅವಳ ಕೈ ತಪ್ಪಿತು. ನಾವು ಬಾವಿ ನೀರಿನಿಂದ ಬೇಗಬೇಗ ಒರೆಸಿದೆವು. ಹೊಪ್ಪಳೆ ಕೂತಿತು, ಕಪ್ಪು ಮಾಸಿತು. ಅವಳು ಕಂಬಕ್ಕೆ ಒರಗಿ ನೋಡುತ್ತಿದ್ದಳು. "ಸಿಹಿನೀರ..." ಎನ್ನುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಕಾಕಾನಿಗೆ ಅವಳು ಒಂದು ಕೆಟ್ಟ ಮಾತೂ ಆಡಲಿಲ್ಲ. ಅವನಿಗೆ ಅದೇ ಭಾರವಾಯಿತು. ಅವಳಿದ್ದಾಗ ಪಡಸಾಲೆಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟ. ಶಾಂತಕ್ಕನ ಮಗ ಶಾಲೆಗೆ ಹೋಗುವ ಮೊದಲೇ ಅವಳು ತೀರಿಕೊಂಡಳು. ನಮ್ಮಲ್ಲಿ ಶವವನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ಬದುಕಿದ್ದವರ ಹಾಗೆ ಕೂರಿಸುತ್ತಾರೆ. ಅವಳು ಕುಳಿತಳು, ಎದುರಿಗೆ ಆ ಬೂದಿ ಬಣ್ಣದ ಕಲೆ. ಮನೆಯಲ್ಲಿ ಬಹಳ ದಿನಗಳ ಮೇಲೆ ಕೆಮ್ಮಿನ ಸದ್ದಿರಲಿಲ್ಲ. ಅದು ಇಲ್ಲದ್ದೇ ನಮಗೆ ಕೇಳುತ್ತಿತ್ತು.

ಇಂಥ ಸಾವುಗಳು ಪತ್ರಿಕೆಗೆ ಬರುವುದಿಲ್ಲ. ಬಂದರೆ ಒಳಪುಟದಲ್ಲಿ ಎರಡು ಸಾಲು. ಅಂಥ ಎರಡು ಸಾಲುಗಳನ್ನು ನಾನೇ ಎಷ್ಟೋ ಸಲ ತಿದ್ದಿ ಮುದ್ರಣಕ್ಕೆ ಕಳಿಸಿದ್ದೇನೆ. ನಿಮ್ಮ ಮನೆಯಲ್ಲೂ ಹಳೆಯ ಫರಸಿ ಇದ್ದೀತು, ಅದನ್ನು ಒರೆಸಿ ಒರೆಸಿ ಬೆನ್ನು ಬಾಗಿದ ಒಬ್ಬಳು ಇದ್ದಾಳು. ಅವಳನ್ನು ನೀವೂ ನೆನೆದಿರಬಹುದು ಎಂದು ಇಷ್ಟು ಬರೆದೆ.

ಆ ಮನೆ ಈಗಿಲ್ಲ. ಪಾಲಾದ ಮೇಲೆ ಕೆಡವಿದರು. ಕಾಕಾ ತನ್ನ ಪಾಲಿನ ಜಾಗದಲ್ಲಿ ಹೊಸ ಮನೆ ಕಟ್ಟಿಸುವಾಗ ಹಳೆಯ ಫರಸಿಯನ್ನೇ ಹಾಕಿಸಿದ. ಸುಟ್ಟ ಕಲ್ಲು ಬಂದಾಗ ಕಲ್ಲು ಕೂರಿಸುವ ಗವಂಡಿ, "ಈ ಬಾಜು ಕೆಟ್ಟೈತ್ರಿ, ಹೊಳ್ಳಿಸಿ ಹಾಕೂಣು," ಎಂದನಂತೆ. ಕಾಕಾ ಆ ಕಲೆಯ ಮೇಲೊಮ್ಮೆ ಕೈಯಾಡಿಸಿ, "ಹಾಕು," ಎಂದನಂತೆ. ಫರಸಿಗೆ ಕೆಳಗೊಂದು ಮುಖ ಇರುತ್ತದೆ. ತಿರುವಿ ಹಾಕಿದರೆ ಹೊಸ ಕಲ್ಲೇ.

ಹೋದ ಸಲ ನಾನು ಕಾಕಾನ ಮನೆಗೆ ಹೋದಾಗ ಶಾಂತಕ್ಕನ ಮಗ ಬಂದಿದ್ದ. ಈಗ ಅವನು ಎತ್ತರದ ಆಳು, ಮೊರಬದ ಅಜ್ಜಿಯ ಹಾಗೆ ಗಟ್ಟಿ ದನಿ, ಟ್ರ್ಯಾಕ್ಟರಿನ ಸದ್ದನ್ನು ಮೀರಿಸಿ ಮಾತಾಡುತ್ತಾನೆ. ಆ ದಿನ ಏನಾಯಿತೆಂದು ಶಾಂತಕ್ಕ ಅವನಿಗೆ ಹೇಳಿಲ್ಲ. ಊಟಕ್ಕೆ ಕುಳಿತಾಗ ಅವನ ಕೈ ತಾಗಿ ಮಜ್ಜಿಗೆ ಚೆಲ್ಲಿತು. ನಾನು ಎದ್ದು ಹೋಗಿ ಅರಿವೆ ತಂದು ಒರೆಸತೊಡಗಿದೆ.

"ಬಿಡಬೇ ಚಿಗವ್ವ, ಕಲ್ಲ ಐತದು, ಅದಕ್ಕೇನಾಗ್ತೈತಿ?" ಎಂದು ಅವನು ನಕ್ಕ.

ನಾನು ಕುಡಿಯುವ ಕೊಡದಿಂದ ಒಂದು ತಂಬಿಗೆ ನೀರು ಇಳಿಸಿಕೊಂಡು ಇನ್ನೊಮ್ಮೆ ಒರೆಸಿದೆ. ಅವನು ಇನ್ನೂ ನಗುತ್ತಿದ್ದ, ನಡುವೆ ಎಲ್ಲೂ ಉಸಿರಿಗೆ ನಿಲ್ಲದೆ. ಆ ನಗು ಮುಗಿಯುವ ತನಕ ನಾನು ನೆಲದಿಂದ ತಲೆ ಎತ್ತಲಿಲ್ಲ.