ಹೊಗೆಸೊಪ್ಪಿನ ಕೈ ಮುಟ್ಟಿದ ಮೆಣಸಿನ ಗಿಡ

ನಮ್ಮ ಹಿತ್ತಲಲ್ಲಿ ಹನ್ನೊಂದು ಮೆಣಸಿನ ಗಿಡ ಇದ್ದವು. ಹೋದ ವರ್ಷ ಹನ್ನೊಂದನ್ನೂ ನಾನೇ ಕೊಂದೆ. ಕೋತಿ ಕೊಲ್ಲಲಿಲ್ಲ, ನವಿಲು ಕೊಲ್ಲಲಿಲ್ಲ.

ಹುಣಸೂರಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಊರು. ಆ ಮೆಣಸಿನಕಾಯಿ ಇಲ್ಲಿಯದಲ್ಲ. ಸಾಲಿಗ್ರಾಮದ ಹತ್ತಿರ ನನ್ನ ತವರು. ಮದುವೆಯಾದ ವರ್ಷ ಅಲ್ಲಿಂದ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಬೀಜ ಅದು. ಗೋಲಿಯಷ್ಟು ದಪ್ಪದ ಮೋಟು ಕಾಯಿ. ಉಪ್ಪುಸಾರಿನ ಖಾರಕ್ಕೆ ನಾಲ್ಕು ಸುಟ್ಟು ಅರೆದರೆ ಮನೆ ಮಂದಿಗೆಲ್ಲ ಸಾಕು. ತವರಿನಲ್ಲಿ ಈಗ ಅದು ಇಲ್ಲ, ಎಲ್ಲರೂ ಪ್ಯಾಕೆಟ್ ಬೀಜ ಹಾಕುತ್ತಾರೆ. ನಾನು ಪ್ರತಿ ವರ್ಷ ಒಳ್ಳೆಯ ಗಿಡದ ಹಣ್ಣು ಬಿಟ್ಟು, ಒಣಗಿಸಿ, ಬೀಜ ತೆಗೆದು, ಬೂದಿಯಲ್ಲಿ ಕಲಸಿ ಡಬ್ಬಿಗೆ ಹಾಕುತ್ತಿದ್ದೆ. ಹಳೆಯ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಅದಕ್ಕೇ ಮುಂಗಾರಿಗೆ ಇದ್ದದ್ದನ್ನೆಲ್ಲ ಹಾಕಿಬಿಡುತ್ತಿದ್ದೆ. ಡಬ್ಬಿಯಲ್ಲಿ ಒಂದು ಕಾಳೂ ಉಳಿಸುತ್ತಿರಲಿಲ್ಲ.

ಹಿತ್ತಲು ಮಾಡುವುದು ಅಂದರೆ ಜಗಳ ಮಾಡುವುದು. ಪೇಟೆಯಲ್ಲಿ ಹಿಡಿದ ಕೋತಿಗಳನ್ನು ಯಾರೋ ವ್ಯಾನಿನಲ್ಲಿ ತಂದು ನಮ್ಮ ಕೆರೆ ಏರಿ ಮೇಲೆ ಬಿಟ್ಟು ಹೋದರು. ಅವು ಅವರೆ ಚಪ್ಪರ ಮುರಿದವು, ಪರಂಗಿ ಕಾಯಿಗಳನ್ನು ಕಚ್ಚಿ ಕಚ್ಚಿ ಬಿಸಾಡಿದವು. ನವಿಲು ಬೆಳಗಾಗುತ್ತಲೇ ಬಂದು ಪೈರಿನ ತುದಿ ಕುಕ್ಕುತ್ತಿತ್ತು. ಹೆಗ್ಗಣ ಗೆಣಸಿನ ಬುಡ ತೋಡಿತು. ನಾನು ಸುತ್ತ ಹಳೆಯ ಸೀರೆ ಕಟ್ಟಿದೆ, ತಗಡು ಬಡಿದೆ, ಮೆಣಸಿನ ಪಾತಿಯ ಮೇಲೆ ಜಾಲಿ ಮುಳ್ಳು ಹೊದಿಸಿದೆ. ಬೇರೆಲ್ಲ ಹೋಯಿತು. ಮೆಣಸಿನ ಗಿಡ ಉಳಿಯಿತು.

ಆಷಾಢದ ಹೊತ್ತಿಗೆ ಹೊಗೆಸೊಪ್ಪು ಮುರಿಯುವ ಕಾಲ. ಆಗ ಊರ ಹೆಂಗಸರೆಲ್ಲ ಬ್ಯಾರನ್ ಮುಂದೆ ಕೂರುತ್ತೇವೆ. ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಎತ್ತರದ ಮನೆಯೇ ಬ್ಯಾರನ್. ಒಳಗೆ ತೂಗುಹಾಕಲು ಹಸಿ ಎಲೆಯನ್ನು ಕಡ್ಡಿಗೆ ದಾರದಲ್ಲಿ ಕಟ್ಟಿಕೊಡುವುದು ನಮ್ಮ ಕೆಲಸ. ಸಾಯಂಕಾಲಕ್ಕೆ ಅಂಗೈಯೆಲ್ಲ ಕರಿ ಅಂಟು. ಬರೀ ನೀರಿಗೆ ಅದು ಹೋಗುವುದಿಲ್ಲ. ಸೀರೆಗೆ ಒರೆಸಿಕೊಂಡು ನೇರ ಹಿತ್ತಲಿಗೆ ಹೋಗುತ್ತಿದ್ದೆ. ಮುಳ್ಳು ಸರಿಸಿ, ಕಳೆ ಕಿತ್ತು, ಒಣ ಎಲೆ ಚಿವುಟಿ, ಒಂದು ಗಿಡದಿಂದ ಇನ್ನೊಂದಕ್ಕೆ, ಬೆಳಕಿರುವವರೆಗೂ ಅದೇ.

ಒಂದು ದಿನ ಎಲೆಯ ಅಡಿಯಲ್ಲಿ ಹಸಿರು ಹೇನು ಕಂಡವು. ಅದಕ್ಕೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಂದೇ ಮದ್ದು. ಬ್ಯಾರನ್ ಮುಂದೆ ಉದುರಿದ ಸೊಪ್ಪಿನ ಚೂರು ತಂದು ಮಡಕೆಯಲ್ಲಿ ನೆನೆಸಿ, ಆ ನೀರನ್ನು ಪರಕೆಯಲ್ಲಿ ಚಿಮುಕಿಸುವುದು. ಮೂರು ದಿನಕ್ಕೆ ಹೇನು ಸತ್ತವು.

"ನೋಡ್ದಾ? ನಿನ್ ಅಂಗಡಿ ಔಸ್ದಿ ಬ್ಯಾಡ ಅಂದಿದ್ನಲ್ಲ," ಅಂತ ಸೊಸೆಗೆ ಹೇಳಿದೆ.

"ನಿಮ್ ಮುಂದೆ ಯಾವ ಡಾಕ್ಟ್ರೂ ಇಲ್ಲ ಬುಡಿ ಅತ್ತೆ," ಅಂದಳು.

ಹದಿನೈದು ದಿನ ಕಳೆದಿರಬೇಕು. ಕುಡಿ ಎಲೆಯಲ್ಲಿ ಹಳದಿ ಹಸಿರು ತೇಪೆ ತೇಪೆಯಾಗಿ ಬಂತು. ಮೊದಲು ಒಂದು ಗಿಡ, ಆಮೇಲೆ ಅದರ ಪಕ್ಕದ್ದು. ಎಲೆ ಮುದುಡಿತು, ಹೂವು ಉದುರಿತು. ನಾನು ಸೊಪ್ಪಿನ ನೀರನ್ನು ಇನ್ನೂ ಗಟ್ಟಿ ಮಾಡಿ ಹಾಕಿದೆ. ಹನ್ನೊಂದಕ್ಕೂ ಹಿಡಿಯಿತು.

ನನ್ನ ಜೊತೆಗೇ ಸೊಪ್ಪು ಕಟ್ಟುವ ಪಕ್ಕದ ಮನೆಯವಳು ಬೇಲಿ ಮೇಲಿಂದ ಬಗ್ಗಿ ನೋಡಿದಳು.

"ಅಕ್ಕೋ, ಕಣ್ ಬಿದ್ದದೆ ಕಣಕ್ಕ. ಒಂದ್ ಅಳೇ ಮೆಟ್ಟು ಕಟ್ಟು."

"ನಿನ್ ಕಣ್ಣೇ ಇರ್ಬೇಕು. ದಿನಾ ನೋಡೋಳು ನೀನೊಬ್ಳೆಯ."

"ಅಂಗಾದ್ರೆ ನನ್ ಮೆಟ್ಟೇ ತಕ್ಕೊ," ಅಂತ ನಕ್ಕಳು.

ಮೆಟ್ಟು ಕಟ್ಟಿದ್ದೂ ಆಯಿತು. ಏನೂ ಆಗಲಿಲ್ಲ. ಒಂದು ಗಿಡ ಕಿತ್ತು ಕವರಿಗೆ ಹಾಕಿಕೊಂಡು ಬಸ್ಸಿನಲ್ಲಿ ಹುಣಸೂರಿಗೆ ಹೋದೆ. ಕೃಷಿ ಕಚೇರಿಯಲ್ಲಿ ಚಿಕ್ಕ ವಯಸ್ಸಿನ ಒಬ್ಬಳು ಮೇಡಮ್ಮು ಇದ್ದಳು. ಎಲೆಗಿಂತ ಮೊದಲು ನನ್ನ ಅಂಗೈ ನೋಡಿದಳು.

"ಅಜ್ಜಿ, ಸೊಪ್ಪು ಕಟ್ಟೋಕೆ ಹೋಗ್ತೀರಾ?"

"ಊರ್ನೋರೆಲ್ಲ ಓಯ್ತಾರೆ."

"ಆ ಕೈಯಲ್ಲೇ ಗಿಡ ಮುಟ್ತೀರಾ?"

"ಇನ್ಯಾವ ಕೈಲಿ ಮುಟ್ಲವ್ವ? ಇರೋವೇ ಎರಡು."

ಅವಳು ನಗಲಿಲ್ಲ. ಹೊಗೆಸೊಪ್ಪಿಗೆ ಬರುವ ಎಲೆರೋಗ ಮೆಣಸಿನ ಗಿಡಕ್ಕೂ ಟೊಮೇಟೊಗೂ ಹತ್ತುತ್ತದಂತೆ. ಕೈಗೆ, ಬಟ್ಟೆಗೆ, ಒಣಗಿದ ಸೊಪ್ಪಿಗೆ ಅಂಟಿಕೊಂಡು ಬರುತ್ತದಂತೆ. ಸೋಪು ಹಚ್ಚಿ ಉಜ್ಜಿ ತೊಳೆದು ಮುಟ್ಟಬೇಕಿತ್ತಂತೆ. ಸೊಪ್ಪಿನ ನೀರಿನ ವಿಷಯವನ್ನೂ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

"ಇದಕ್ಕೆ ಮದ್ದಿಲ್ಲ ಅಜ್ಜಿ. ಎಲ್ಲಾ ಕಿತ್ತು ಸುಟ್ಟಾಕಿ. ಬೀಜ ಮಾತ್ರ ಇಡಬೇಡಿ, ಬೀಜದ ಮೇಲೂ ರೋಗ ಕೂತಿರುತ್ತೆ."

ಬೀಜ ಇಡಬೇಡ ಅಂದರೆ ನನಗೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ಬಂದು ಕಿತ್ತೆ. ಸೊಸೆ ಕೈ ಹಾಕಲು ಬಂದಳು, ಬೇಡ ಅಂದೆ. ರೋಗ ತಾಗುವ ಮುಂಚೆ ಕಚ್ಚಿದ್ದ ಆರು ಕಾಯಿ ಒಂದು ಗಿಡದಲ್ಲಿ ಹಣ್ಣಾಗಿದ್ದವು. ಅವನ್ನು ಬೆಂಕಿಗೆ ಹಾಕಲು ಮನಸ್ಸು ಬರಲಿಲ್ಲ. ಮೇಡಮ್ಮಿನ ಮಾತು ಮೀರಿ ಬೀಜ ತೆಗೆದಿಟ್ಟೆ. ಉಳಿದದ್ದನ್ನೆಲ್ಲ ಸುಟ್ಟೆ. ಆ ಹೊಗೆಗೆ ಪಕ್ಕದವಳು ಬಂದಳು, ಕೈಯಲ್ಲಿ ಒಂದು ಪೊಟ್ಟಣ.

"ಅಳಬ್ಯಾಡ ಕಣಕ್ಕ."

"ಯಾರ್ ಅಳ್ತಾವ್ರೆ? ಒಗೆ ಕಣಮ್ಮಿ."

"ತಕ್ಕೊ. ಓದ್ ವರ್ಸ ನೀನೇ ಕೊಟ್ಟಿದ್ದಲ್ಲ, ಅದೇ ಬೀಜ. ನನ್ ಇತ್ಲಲ್ಲಿ ಚೆನ್ನಾಗೇ ಬಂದವೆ. ಕಾಯಿ ವಸಿ ಉದ್ದ ಆಯ್ತವೆ ಅಷ್ಟೆ, ಮಣ್ಣಿನ ಗುಣವೇನೋ."

ಅದು ಮಣ್ಣಿನ ಗುಣವಲ್ಲ. ನಾನು ಅವಳಿಗೆ ಕೊಟ್ಟಿದ್ದು ಪಿರಿಯಾಪಟ್ಟಣದ ಆಚೆಯ ಕೊಪ್ಪದ ಅಂಗಡಿಯಲ್ಲಿ ತಂದ ಬೀಜ, ರೋಗ ತಡೆಯುವ ಜಾತಿ. ನನ್ನ ಬೀಜವನ್ನು ಯಾರಿಗೂ ಕೊಟ್ಟವಳಲ್ಲ. ಕೇಳಿದವರಿಗೆ ಇಲ್ಲ ಅನ್ನಲು ಆಗದೆ, ಅಂಗಡಿಯದಕ್ಕೆ ಬೂದಿ ಕಲಸಿ ಕೊಡುತ್ತಿದ್ದೆ. ನನ್ನ ತಂಗಿಗೂ ಅದನ್ನೇ ಕೊಟ್ಟೆ. ಎಲ್ಲರ ಮನೆಯಲ್ಲೂ ಅದೇ ಖಾರ ಆದರೆ ನನ್ನದಕ್ಕೆ ಏನು ಬೆಲೆ ಅಂತ. ಒಬ್ಬಳಿಗೆ ನಿಜವಾದ್ದನ್ನು ಕೊಟ್ಟಿದ್ದರೂ ಅವತ್ತು ಹೋಗಿ ಕೈ ಒಡ್ಡಬಹುದಿತ್ತು. ಪೊಟ್ಟಣ ತೆಗೆದುಕೊಂಡೆ. ಅವಳಿಗೆ ನಿಜ ಹೇಳಲಿಲ್ಲ. ಈಗಲೂ ಹೇಳಿಲ್ಲ.

ಈ ವರ್ಷ ಮುಂಗಾರಿಗೆ ಆ ಆರು ಕಾಯಿಯ ಬೀಜವನ್ನು ಕೆರೆ ಮಣ್ಣು ತುಂಬಿದ ಬಾಂಡಲಿಯಲ್ಲಿ ಹಾಕಿದೆ. ಮೊಣಕೈವರೆಗೂ ಸೋಪು ಹಚ್ಚಿ ತೊಳೆದೇ ಮುಟ್ಟಿದೆ. ಸೊಸೆಯನ್ನು ಹತ್ತಿರ ಬಿಡಲಿಲ್ಲ. ಇಪ್ಪತ್ತೆರಡು ಪೈರು ಎದ್ದವು. ನಾಲ್ಕನೇ ಎಲೆಯವರೆಗೂ ಚೆನ್ನಾಗಿದ್ದವು, ನನಗೂ ಸ್ವಲ್ಪ ಆಸೆ ಬಂತು. ಆಮೇಲೆ ಅದೇ ತೇಪೆ. ದಿನಾ ಬೆಳಗ್ಗೆ ಹೋಗಿ ನೋಡುವುದು, ಒಂದೋ ಎರಡೋ ಕೀಳುವುದು. ನಿನ್ನೆ ಕೊನೆಯದನ್ನು ಕಿತ್ತೆ.

"ಈ ಮಣ್ಣ ಏನ್ ಮಾಡ್ಲಿ ಅತ್ತೆ?" ಅಂತ ಸೊಸೆ ಕೇಳಿದಳು.

"ರಸ್ತೆಗ್ ಸುರಿ," ಅಂದೆ.

ಸೊಪ್ಪು ಕಟ್ಟಲು ಹೊತ್ತಾಗಿತ್ತು. ಇಬ್ಬರೂ ಹೋದೆವು.