ನಮ್ಮದಲ್ಲ ಎಂದ ಕೊಡ

ನಮ್ಮ ಓಣಿಯ ಬೀದಿನಳವನ್ನು ಪುರಸಭೆಯವರು ಕಿತ್ತುಹಾಕಿದ್ದು ಸಂಕ್ರಾಂತಿಗೆ ಇನ್ನೂ ಹದಿನೈದು ದಿನವಿರುವಾಗ. ಶಹಾಪುರ, ಸುರಪುರಗಳ ನಡುವಿನ ನಮ್ಮ ಸಣ್ಣ ಊರಿನ ಸುತ್ತ ಆಗ ಕಾಲುವೆ ಇನ್ನೂ ಹೊಸದು. ಜೋಳ ಬೆಳೆಯುತ್ತಿದ್ದ ಎರೆಹೊಲದಲ್ಲಿ ಭತ್ತ ನಿಂತಿರುವುದನ್ನು ನೋಡಲು ಜನ ಹೋಗಿಬರುತ್ತಿದ್ದರು. ಊರೊಳಗೆ ಮಾತ್ರ ನೀರಿಗೆ ತಾಪತ್ರಯ. ಬೋರಿನ ನೀರನ್ನು ಟಾಕಿಗೆ ಏರಿಸುವ ಮೋಟಾರಿನ ಕರೆಂಟು ಬಿಲ್ಲು ಕಟ್ಟಲು ಪುರಸಭೆಯ ಕೈಯಲ್ಲಿ ದುಡ್ಡಿಲ್ಲ ಎಂದರು. ಆಟೋಕ್ಕೆ ಮೈಕು ಕಟ್ಟಿ ಸಾರಿಕೊಂಡು ಹೋದರು: ಬೀದಿನಳ ಬಂದ್, ಬೇಕಾದವರು ಠೇವಣಿ ಇಟ್ಟು ಮನೆಗೆ ನಳ ಹಾಕಿಸಿಕೊಳ್ಳಬೇಕು, ತಿಂಗಳಿಗೆ ನೀರಿನ ಪಟ್ಟಿ ಬೇರೆ, ಕಸ ಒಯ್ಯುವುದಕ್ಕೂ ಬೇರೆ. ನಳವಿದ್ದವರು ಇಲ್ಲದವರಿಗೆ ನೀರು ಕೊಟ್ಟರೆ ಅವರ ನಳವನ್ನೂ ಕಡಿಯಲಾಗುವುದು.

ಓಣಿಯಲ್ಲಿ ನಾಲ್ಕೇ ಮನೆಗಳಿಗೆ ನಳ ಬಂತು. ನಮ್ಮದೊಂದು. ಯಜಮಾನರು ಸಾಲಿ ಮಾಸ್ತರು, ತಿಂಗಳಾದರೆ ಪಗಾರ ಬರುವ ಮನೆ. ಅತ್ತೆ ಹಾಸಿಗೆ ಹಿಡಿದಿದ್ದರು. ದಿನಕ್ಕೆ ಎರಡು ಸಲ ಅವರ ಬಟ್ಟೆ, ಚಾದರ ಒಗೆಯಬೇಕು. ನಳವಿಲ್ಲದೆ ನನಗೆ ಒಂದು ದಿನವೂ ಸಾಗುತ್ತಿರಲಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ನಮ್ಮ ಮನೆಗೆ ರೊಟ್ಟಿ ಬಡಿಯಲು ಓಣಿಯ ಕೊನೆಯ ಮನೆಯ ದೊಡ್ಡವ್ವ ಬರುತ್ತಿದ್ದಳು. ರಕ್ತಸಂಬಂಧವಲ್ಲ, ವಯಸ್ಸಿಗೆ ಹಿರಿಯಳೆಂದು ಹಾಗೆ ಕರೆಯುತ್ತಿದ್ದೆ. ಅವಳು ನನ್ನನ್ನು "ಯವ್ವಾ" ಎನ್ನುತ್ತಿದ್ದಳು. ಬೆಳಗಾಗುತ್ತಲೇ ಬಂದು, ಎಸರಿಟ್ಟು, ಆ ಬಿಸಿನೀರಲ್ಲಿ ಹಿಟ್ಟು ನಾದಿ, ಇಪ್ಪತ್ತು ರೊಟ್ಟಿ ಬಡಿದು, ಯಜಮಾನರು ಬಸ್ಸಿಗೆ ಹೊರಡುವುದರೊಳಗೆ ಕೆಲಸ ಮುಗಿಸುತ್ತಿದ್ದಳು. ಅವಳ ಮಗಳು ತವರಿಗೆ ಬಂದು ಹಡೆದಿದ್ದಳು. ಕೂಸಿಗೆ ಇನ್ನೂ ತಿಂಗಳಾಗಿರಲಿಲ್ಲ.

"ಯವ್ವಾ, ಬಾಣಂತಿ ಮನಿ ನಂದು. ದಿನಾ ಒಂದು ಕೊಡ ನೀರು ಬಿಟ್ರ ಸಾಕು ನೋಡು," ಎಂದಳು ನಮಗೆ ನಳ ಬಂದ ಮರುದಿನ.

"ಒಯ್ಯಿ, ಯಾರ ನೋಡ್ತಾರ," ಎಂದೆ.

"ನೋಡಿದ್ರ ನಿನ್ನ ನಳ ಕಡಿತಾರಂತ."

"ಕಡೀಲಿ ಬಿಡು. ಇಬ್ಬರೂ ಕೂಡಿ ಕೆನಾಲಿಗೆ ಹೋಗೂಣು," ಎಂದು ನಾನೇ ಚೇಷ್ಟೆ ಮಾಡಿದೆ. ಇಬ್ಬರೂ ನಕ್ಕೆವು.

ಅಂದಿನಿಂದ ಅವಳು ಅಂಗಳದ ನಳದ ಕೆಳಗೆ ಕೊಡವಿಟ್ಟು ಒಳಗೆ ಬರುತ್ತಿದ್ದಳು. ರೊಟ್ಟಿ ಮುಗಿಯುವಷ್ಟರಲ್ಲಿ ಅದು ತುಂಬಿರುತ್ತಿತ್ತು. ಸ್ಟೀಲಿನ ಕೊಡ, ಕೊರಳಿಗೆ ಹಸಿರು ಅರಿವೆಯ ಚೂರು ಕಟ್ಟಿದ್ದು. ಬೀದಿನಳದ ಪಾಳಿಯಲ್ಲಿ ಕೊಡಗಳು ಅದಲುಬದಲಾಗದಿರಲಿ ಎಂದು ಓಣಿಯ ಹೆಂಗಸರೆಲ್ಲ ಒಂದೊಂದು ಗುರುತು ಮಾಡಿಕೊಂಡಿದ್ದರು. ಯಾವ ಅರಿವೆ ಯಾರದೆಂದು ಎಲ್ಲರಿಗೂ ಗೊತ್ತು. ನೀರು ಬಿಡುವ ವಾಲ್‌ಮನ್‌ಗಂತೂ ನಮಗಿಂತ ಚೆನ್ನಾಗಿ ಗೊತ್ತು.

ಎಂಟು ದಿನ ಕಳೆದಿರಬಹುದು. ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದಿತ್ತು. ನಾನು ಅಂಗಳದಲ್ಲಿ ಅತ್ತೆಯ ಚಾದರ ಹಿಂಡುತ್ತಿದ್ದೆ. ವಾಲ್‌ಮನ್ ಗೇಟು ತೆಗೆದು ಬಂದ. ಹಿಂದೆ ಕಾಗದ ಹಿಡಿದ, ನಾನು ಎಂದೂ ನೋಡದ ಒಬ್ಬ ಸಾಹೇಬರು. ಸಾಹೇಬರ ಕಣ್ಣು ನೇರ ನಳದ ಕೆಳಗಿನ ಕೊಡದ ಮೇಲೆ ಬಿತ್ತು.

"ಇದು ಯಾರ ಕೊಡ?"

ವಾಲ್‌ಮನ್ ನನ್ನ ಕಡೆ ತಿರುಗಿದ. "ಅಕ್ಕಾರ, ಕೊಡ ನಿಮ್ದ ಐತಲ್ರಿ?"

ಹೌದು ಎಂದಿದ್ದರೆ ಆಗುತ್ತಿತ್ತು. ಆದರೆ ಆ ಹಸಿರು ಅರಿವೆ ನನಗೆ ಕಣ್ಣು ಕುಕ್ಕುವಷ್ಟು ದೊಡ್ಡದಾಗಿ ಕಂಡಿತು. ಸುಳ್ಳು ಸಿಕ್ಕಿಬೀಳುತ್ತದೆ, ನಳ ಹೋಗುತ್ತದೆ, ಮಾಸ್ತರ ಮನೆಯ ನಳ ಕಡಿದರಂತೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದು ಹೆದರಿದೆ.

"ನಮ್ದಲ್ರಿ," ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. "ಯಾರ ಇಟ್ಟು ಹೋಗ್ಯಾರೋ, ನಂಗ ಕೇಳಿಲ್ರಿ."

ಒಳಗೆ ರೊಟ್ಟಿಯ ಸದ್ದು ನಿಂತಿತು. ಸಾಹೇಬರು ಕಾಗದದಲ್ಲಿ ಏನೋ ಬರೆದರು. ವಾಲ್‌ಮನ್ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕೊಡವನ್ನು ಬಗ್ಗಿಸಿ ನೀರು ಚೆಲ್ಲಿ, ಖಾಲಿ ಕೊಡ ತೆಗೆದುಕೊಂಡು ಹೋದ. ಗೇಟು ಹಾಕಿದ ಮೇಲೆ ಒಳಗಿನಿಂದ ಮತ್ತೆ ಪಟಪಟ ಸದ್ದು ಶುರುವಾಯಿತು. ನಾನು ಒಳಗೆ ಹೋಗಲಿಲ್ಲ. ಹಿಂಡಿದ ಚಾದರವನ್ನೇ ಮತ್ತೆ ನೀರಿಗೆ ಹಾಕಿ ಹಿಂಡಿದೆ.

ಅವಳು ಎಂದಿನಂತೆ ರೊಟ್ಟಿ ಮುಗಿಸಿ ಬುಟ್ಟಿಗೆ ಅರಿವೆ ಮುಚ್ಚಿದಳು. ಬರಿಗೈಯಲ್ಲಿ ಹೊರಗೆ ಬಂದಳು.

"ದೊಡ್ಡವ್ವ, ನಮ್ಮ ಕೊಡದಾಗ ತುಂಬಿಕೊಂಡು ಹೋಗು," ಎಂದೆ.

"ಇರ್ಲಿ ಬಿಡ್ರಿ," ಎಂದು ಗೇಟು ದಾಟಿದಳು.

ಆ ದಿನ ನಾನು ಮೂರು ಸಲ ಅವಳ ಮನೆಯ ಕಡೆ ಹೊರಟು, ಮೂರು ಸಲವೂ ಕಿರಾಣಿ ಅಂಗಡಿಯ ತನಕ ಹೋಗಿ ಹಿಂದಕ್ಕೆ ಬಂದೆ. ಯಜಮಾನರಿಗೆ ಹೇಳಲಿಲ್ಲ. ನಾಳೆ ಅವಳು ಬರುವುದಿಲ್ಲ ಎಂದುಕೊಂಡೆ. ಬರದಿದ್ದರೆ ಒಳ್ಳೆಯದು ಎಂದೂ ಅನ್ನಿಸಿತು.

ಬೆಳಗಾಗುತ್ತಲೇ ಬಂದಳು. ಕೈಯಲ್ಲಿ ತಾಟು ಮುಚ್ಚಿದ ಒಂದು ತಂಬಿಗೆ. ನೆಟ್ಟಗೆ ಒಲೆಯ ಮುಂದೆ ಹೋಗಿ ಪಾತ್ರೆಗೆ ಆ ನೀರು ಸುರಿದಳು. ಅರಿವೆಯಲ್ಲಿ ಸೋಸಿದ್ದರೂ ನೀರಿಗೆ ತೆಳುವಾದ ಕೆಂಪು ಬಣ್ಣವಿತ್ತು.

"ಏನಿದು?"

"ಎಸರಿಗೆ ನೀರ್ರಿ, ಅಕ್ಕಾರ. ಕೆನಾಲಿಗೆ ಹೋಗಿದ್ದೆ, ಹಂಗ ಇದಕ್ಕೂ ತಂದೇನ್ರಿ."

ಯವ್ವಾ ಎನ್ನುತ್ತಿದ್ದವಳು ಅಕ್ಕಾರ ಎಂದಳು.

"ನಮ್ಮನ್ಯಾಗ ನೀರಿಲ್ಲೇನು ದೊಡ್ಡವ್ವ?"

"ಐತ್ರಿ. ನಾಳಿ ಯಾರರ ಬಂದು, ಈಕಿ ನಿಮ್ಮ ನೀರು ಮುಟ್ಯಾಳೇನು ಅಂತ ಕೇಳಿದ್ರ? ನೀವು ಮತ್ತ ಸುಳ್ಳು ಹೇಳಬೇಕಾಗ್ತದ. ನನ್ನಿಂದ ನಿಮಗ್ಯಾಕ ಆ ತ್ರಾಸ."

ಕೊಂಕು ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಕಾಲುವೆ ನಮ್ಮ ಓಣಿಯಿಂದ ಒಂದೂವರೆ ಮೈಲಿ. ಬಾಣಂತಿಗೆ ಎರೆಯುವ ನೀರಿನ ಜೊತೆ ನನ್ನ ಮನೆಯ ರೊಟ್ಟಿಯ ನೀರನ್ನೂ ಅವಳು ಹೊತ್ತು ತಂದಿದ್ದಳು.

ಆ ರೊಟ್ಟಿಯನ್ನು ಮನೆಯವರೆಲ್ಲ ಉಂಡರು. "ಇವತ್ತ ರೊಟ್ಟಿ ಮೆತ್ತಗಾಗ್ಯಾವ," ಎಂದರು ಯಜಮಾನರು. ನಾನು ಹೂಂ ಎಂದೆ.

ಅವರು ಬಸ್ಸಿಗೆ ಹೋದ ಮೇಲೆ ಸೆರಗು ಹೊದ್ದು ಪುರಸಭೆಗೆ ಹೋದೆ. ಹಿಂದಿನ ವರಾಂಡದಲ್ಲಿ ವಶಪಡಿಸಿಕೊಂಡ ಕೊಡಗಳ ರಾಶಿಯಿತ್ತು. ವಾಲ್‌ಮನ್ ಅಲ್ಲೇ ಬೀಡಿ ಸೇದುತ್ತ ಕುಳಿತಿದ್ದ.

"ಆ ಹಸಿರು ಅರಿವಿದು ನಮ್ದು. ಕೊಡಪ್ಪ," ಎಂದೆ.

ಬೀಡಿ ಬಿಸಾಡಿ ಎದ್ದ. "ನಿನ್ನಿ ನಿಮ್ದಲ್ಲ ಅಂದ್ರಿ, ಇವತ್ತ ನಿಮ್ದಾತೇನ್ರಿ?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಅಕ್ಕಾರ, ಅದು ಯಾರ ಕೊಡ ಅಂತ ನಂಗ ಗೊತ್ತಿಲ್ಲೇನ್ರಿ? ಮಗಳ ಬಾಣಂತನ ನಡದೈತಿ ಅನ್ನೂದೂ ಗೊತ್ತೈತಿ. ಸಾಹೇಬ್ರು ಮುಂದಿದ್ರು, ಅದಕ್ಕ ನಿಮ್ದ ಐತಲ್ರಿ ಅಂತ ನಾನ ಮಾತು ಎತ್ತಿಕೊಟ್ಟೆ. ಹೂಂ ಅಂದಿದ್ರ ಮುಗೀತಿತ್ತು. ಅವರಿಗೆ ಅರಿವಿ ಗುರುತು ಏನ ತಿಳೀತದ್ರಿ?"

ದಂಡ ಕೇಳಲಿಲ್ಲ, ರುಜು ಕೇಳಲಿಲ್ಲ. ಕೊಡ ಎತ್ತಿ ನನ್ನ ಕೈಗಿಟ್ಟ. ದಂಡವನ್ನಾದರೂ ಹಾಕಬಾರದಿತ್ತೇ ಎನ್ನಿಸಿತು.

ಓಣಿಯಲ್ಲಿ ಎಲ್ಲರಿಗೂ ಕಾಣುವಂತೆ ಕೊಡವನ್ನು ಟೊಂಕದ ಮೇಲಿಟ್ಟುಕೊಂಡು ಕೊನೆಯ ಮನೆಗೆ ನಡೆದೆ. ದೊಡ್ಡವ್ವ ಬಾಗಿಲಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. "ಕೊಡ ತಂದೇನಿ," ಎಂದಷ್ಟೇ ಬಂತು.

"ಛಲೋ ಆತ್ರಿ. ಅಲ್ಲೇ ಇಡ್ರಿ, ಕೈ ಎಣ್ಣಿ ಆಗ್ಯಾವ," ಎಂದಳು.

ಮರುದಿನವೂ ತಂಬಿಗೆ ಹಿಡಿದೇ ಬಂದಳು. ನಾನೇ ಒಲೆ ಹೊತ್ತಿಸಿ ಪಾತ್ರೆಯಿಟ್ಟು ಸರಿದು ನಿಂತೆ. ಅವಳು ತನ್ನ ನೀರು ಸುರಿದಳು.