ಬೀಗದವನ ಕಾರಿನ ಬ್ಯಾಟರಿ

ಬೀಗ ರಿಪೇರಿ ಮಾಡುವವನಿಗೆ ಜನರ ಮೇಲೆ ನಂಬಿಕೆ ಕಡಿಮೆ. ಅದು ಅವನ ತಪ್ಪಲ್ಲ, ಕಸುಬೇ ಹಾಗೆ. ಒಂದು ತಂತಿ, ಒಂದಿಷ್ಟು ತಾಳ್ಮೆ ಇದ್ದರೆ ಎಂಥ ಬೀಗವೂ ಬಾಯಿಬಿಡುತ್ತದೆ ಎಂದು ತಿಳಿದವನು ಯಾವ ಬಾಗಿಲನ್ನು ನಂಬಿಯಾನು? ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಎದ್ದು ನಿಂತರೆ ತಲೆ ತಗಲುವಂಥ ಅಂಗಡಿಯಲ್ಲಿ ಕೂತು ಕೀಲಿಕೈ ಮಾಡುತ್ತಿದ್ದ ಈ ಬೀಗದವನಂತೂ ಮನೆಯ ಬಾಗಿಲಿಗೆ ತಾನೇ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುತ್ತಿದ್ದ.

"ನೀವೇ ಹಾಕಿದ್ದಲ್ವಾ?" ಎಂದು ಹೆಂಡತಿ ಕೇಳಿದರೆ, "ಅದಕ್ಕೇ ನೋಡ್ತಿರೋದು" ಎನ್ನುತ್ತಿದ್ದ.

ಇಂಥವನು ಜೀವನದಲ್ಲಿ ಒಂದೇ ಒಂದು ಸಲ ಕಣ್ಣುಮುಚ್ಚಿ ಮನಸೋತದ್ದು ಒಂದು ಕಾರಿಗೆ. ಯಾರೋ ಸಾಹುಕಾರರ ಕಾರಿನ ಕೀಲಿ ಕಳೆದುಹೋಗಿ, ಬಾಗಿಲು ತೆಗೆಯಲು ಇವನನ್ನು ಕರೆಸಿದ್ದರು. ಎತ್ತರದ, ಅಗಲ ಎದೆಯ, ಜೀಪಿನಂಥ ಐಷಾರಾಮಿ ಗಾಡಿ. ಮೈಮೇಲೆ ಒಂದು ಬೆರಳು ಧೂಳು, ಒಳಗೆ ಚರ್ಮದ ಸೀಟು, ಮರದ ಪಟ್ಟಿ. ಬಾಗಿಲು ತೆಗೆದಾಗ ಅದು ಸದ್ದಿಲ್ಲದೆ ತೂಗಿಕೊಂಡು ಬಂದ ರೀತಿಗೇ ಬೀಗದವನು ಮರುಳಾದ. "ಇದು ನಿಂತು ವರ್ಷಗಳಾದವು, ಬೇಕಿದ್ರೆ ತಗೊಂಡು ಹೋಗಪ್ಪ" ಎಂದು ಸಾಹುಕಾರರು ಹಳೇ ಕಬ್ಬಿಣದ ಬೆಲೆಗೆ ಕೊಟ್ಟುಬಿಟ್ಟರು.

ಕಾರು ಮನೆ ಪಕ್ಕದ ತಗಡಿನ ಶೆಡ್ಡಿಗೆ ಬಂದ ದಿನ ಹೆಂಡತಿ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು ಒಮ್ಮೆ ನೋಡಿದಳು.

"ಬಂದಳಾ ನನ್ನ ಸವತಿ? ನೀವುಂಟು, ಅವಳುಂಟು. ನಾನಂತೂ ಅದರೊಳಗೆ ಕಾಲಿಡಲ್ಲ."

ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಅವಳ ತಮ್ಮನ ಮನೆಗೆ ಹೋಗುವಾಗಲೂ ಅವನು ಕಾರಿನಲ್ಲಿ, ಅವಳು ಬಸ್ಸಿನಲ್ಲಿ.

ಕಾರನ್ನು ಎಬ್ಬಿಸಿ ನಿಲ್ಲಿಸಿದ್ದು ಬೀಗದವನೊಬ್ಬನೇ ಅಲ್ಲ. ಅವನ ಹಳೇ ಗೆಳೆಯ, ಗಾಡಿಗಳ ಕರೆಂಟು ಕೆಲಸದವನು, ಪ್ರತಿ ರಜೆಯ ದಿನವೂ ಬರುತ್ತಿದ್ದ. ಕೋಪ ಬಂದರೆ ಮಾತೇ ನಿಂತುಹೋಗುತ್ತಿದ್ದುದರಿಂದ ಅವನನ್ನು ಊರೆಲ್ಲ ಫ್ಯೂಸಣ್ಣ ಎನ್ನುತ್ತಿತ್ತು. ಇಬ್ಬರೂ ಕಾರಿನ ಕೆಳಗೆ ಮಲಗಿ, ಒಬ್ಬರ ಮುಖದ ಮೇಲೆ ಒಬ್ಬರು ಎಣ್ಣೆ ಸುರಿಸಿಕೊಂಡು, ಎರಡು ಚಳಿಗಾಲ ಕಳೆದರು. ಬೀಗದವನಿಗೆ ಮಕ್ಕಳಿಲ್ಲ, ಫ್ಯೂಸಣ್ಣನಿಗೆ ಮದುವೆಯಿಲ್ಲ. ರಜೆ ಎಂದರೆ ಇಬ್ಬರಿಗೂ ಆ ಶೆಡ್ಡು, ಆ ಕಾರು, ಹೊಲಿಗೆ ನಿಲ್ಲಿಸಿ ಅವಳು ತಂದುಕೊಡುವ ಚಹಾ. ಅದು ಬಿಟ್ಟರೆ ಇಬ್ಬರಿಗೂ ಬೇರೆ ಹಬ್ಬವಿಲ್ಲ.

ಒಂದು ಕೆಲಸವನ್ನು ಮಾತ್ರ ಬೀಗದವನು ಗೆಳೆಯನಿಗೆ ಹೇಳದೆ ಮಾಡಿದ. ಆ ಕಾರಿನ ಸೀಟು ಚಳಿಯಲ್ಲಿ ತಾನೇ ಬೆಚ್ಚಗಾಗುವಂಥದ್ದು, ಆದರೆ ಕೆಟ್ಟುಹೋಗಿತ್ತು. ಫ್ಯೂಸಣ್ಣ ಬೇರೆ ಊರಿಗೆ ಹೋಗಿದ್ದಾಗ ಇವನು ಡ್ರೈವರ್ ಪಕ್ಕದ ಸೀಟನ್ನು ಬಿಚ್ಚಿ, ಒಳಗಿನ ಸುಟ್ಟ ತಂತಿಗೆ ಬೆಸುಗೆ ಹಾಕಿದ. ಅದನ್ನು ನಡೆಸುವ ಪೆಟ್ಟಿಗೆ ಸತ್ತಿದ್ದರಿಂದ ಬ್ಯಾಟರಿಯಿಂದಲೇ ನೇರ ಒಂದು ವೈರು ಎಳೆದು, ಹಳೇ ವೈರುಗಳ ಕಟ್ಟಿನಲ್ಲಿ ಮರೆಮಾಡಿ, ಸೀಟಿನ ಪಕ್ಕದ ಸಂದಿಯಲ್ಲಿ ಮನೆಯ ಲೈಟಿನಂಥ ಒಂದು ಸ್ವಿಚ್ಚು ಕೂರಿಸಿದ. ಸೀಟು ಬೆಚ್ಚಗಾಯಿತು. ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡ. ಅವಳು ಬಾಯಲ್ಲಿದ್ದ ದಾರ ಕಚ್ಚಿ ತುಂಡು ಮಾಡಿ, "ನಿಮ್ಮ ಸವಾರಿ ಬೆಚ್ಚಗಿರಲಿ" ಎಂದಳಷ್ಟೇ.

ಕಾಟ ಶುರುವಾದದ್ದು ಆಮೇಲೆ. ಕಾರು ಒಂದು ದಿನ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಫ್ಯೂಸಣ್ಣ ಬಂದು ಚಾರ್ಜ್ ಮಾಡಿಕೊಟ್ಟ. ಕೆಲವು ದಿನ ಬಿಟ್ಟು ಮತ್ತೆ ಅದೇ ಕಥೆ. ಹಳೇ ಬ್ಯಾಟರಿ ಎಂದು ಬೀಗದವನು ಅವನ ಕೈಯಲ್ಲೇ ಹೊಸದನ್ನು ತರಿಸಿದ. ಅದೂ ಇಳಿಯಿತು. ಫ್ಯೂಸಣ್ಣ ಮೀಟರು ಹಿಡಿದು ಎಲ್ಲ ತಂತಿ ತಡಕಿದ.

"ಎಲ್ಲೂ ಕರೆಂಟು ಸೋರ್ತಿಲ್ಲ ಕಣೋ. ನನಗೇ ತಲೆ ಕೆಟ್ಟೋಗಿದೆ."

"ಸೋರದೆ ಹೇಗೆ ಇಳಿಯುತ್ತೆ?"

"ನಿನ್ನ ಕಾರಿಗೆ ದೃಷ್ಟಿ ಬಿದ್ದಿರಬೇಕು. ನಿಂಬೆಹಣ್ಣು ಕಟ್ಟು."

ಫ್ಯೂಸಣ್ಣ ನಕ್ಕ. ಬೀಗದವನು ನಗಲಿಲ್ಲ. ಅವನ ತಲೆಯಲ್ಲಿ ಹುಳ ಹೊಕ್ಕಿತ್ತು. ಹೊಸ ಬ್ಯಾಟರಿ ಇಷ್ಟು ಬೇಗ ಸಾಯಬೇಕಾದರೆ ಅದು ಹೊಸದಾಗಿರಲು ಸಾಧ್ಯವೇ? ಚಾರ್ಜಿಗೆಂದು ಹೊತ್ತುಕೊಂಡು ಹೋಗುವವನು ಫ್ಯೂಸಣ್ಣ, ತಂದು ಕೂರಿಸುವವನೂ ಅವನೇ. ಅವನ ಅಂಗಡಿ ತುಂಬ ಬ್ಯಾಟರಿಗಳು, ಎಲ್ಲ ಒಂದೇ ಬಣ್ಣ. ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಒರೆಸಿ ತಂದರೆ ಕೇಳುವವರು ಯಾರು?

ಮೊದಮೊದಲು ಅವನಿಗೇ ನಾಚಿಕೆಯಾಯಿತು. ಆದರೆ ಅನುಮಾನಕ್ಕೆ ಒಂದು ಸಲ ಮಣೆ ಹಾಕಿದರೆ ಅದು ಎದ್ದು ಹೋಗುವ ನೆಂಟನಲ್ಲ. ಫ್ಯೂಸಣ್ಣ ಯಾಕೆ ಯಾವಾಗಲೂ ತಾನೇ ಬಾನೆಟ್ ಎತ್ತುತ್ತಾನೆ? ಈಚೆಗೆ ಯಾಕೆ ಬೇಗ ಹೊರಡುತ್ತಾನೆ? ಮೀಟರು ಹಿಡಿದಾಗ ಯಾಕೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ? ಬೆಳಕು ಆ ಕಡೆಯಿಂದ ಬರುತ್ತದೆ ಎಂಬ ಸಣ್ಣ ವಿಷಯ ಅವನಿಗೆ ಹೊಳೆಯಲೇ ಇಲ್ಲ.

ಮುಂದಿನ ಸಲ ಬ್ಯಾಟರಿ ಕೊಟ್ಟುಕಳಿಸುವ ಮುಂಚೆ ಅದರ ಒಂದು ಮೂಲೆಗೆ ಮಾರ್ಕರಿನಿಂದ ನೀಲಿ ಚುಕ್ಕೆ ಇಟ್ಟ. ರಿಪೇರಿಗೆ ಬಂದ ಬೀಗಗಳು ಅದಲುಬದಲಾಗದಂತೆ ಅವನು ಇಡುತ್ತಿದ್ದುದೂ ಹೀಗೆಯೇ. ಬ್ಯಾಟರಿ ತಿರುಗಿ ಬಂತು. ಚುಕ್ಕೆ ಇರಲಿಲ್ಲ.

"ಇದು ನನ್ನ ಬ್ಯಾಟರಿನಾ?" ಎಂದು ಕೇಳಿದ ಬೀಗದವನು.

"ಮತ್ತೆ ನಮ್ಮಪ್ಪಂದಾ?"

"ನಾನೊಂದು ಚುಕ್ಕೆ ಇಟ್ಟಿದ್ದೆ. ಎಲ್ಲಿ?"

ಫ್ಯೂಸಣ್ಣ ಬ್ಯಾಟರಿಯನ್ನು ನೋಡಿದ, ಗೆಳೆಯನ ಮುಖ ನೋಡಿದ. ಬ್ಯಾಟರಿಯ ಮೇಲೆ ಕೂತಿದ್ದ ಎಣ್ಣೆ ಕೊಳೆಯನ್ನು ತಾನು ಪೆಟ್ರೋಲ್ ಬಟ್ಟೆಯಿಂದ ಒರೆಸಿದ್ದೆ ಎಂದು ಹೇಳಬಹುದಿತ್ತು. ಹೇಳಲು ಬಾಯಿ ತೆರೆದ. ಆಮೇಲೆ ಚುಕ್ಕೆ ಯಾಕೆ ಇಟ್ಟಿದ್ದು ಎನ್ನುವುದು ಅರ್ಥವಾಯಿತು. ಅವನ ಮಾತು ನಿಂತುಹೋಯಿತು. ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, ಚಹಾ ಕುಡಿಯದೆ ಹೊರಟುಹೋದ.

ಉತ್ತರ ಕೊಡಲಾಗದೆ ಹೋದ ಎಂದುಕೊಂಡ ಬೀಗದವನು.

"ಅಣ್ಣ ಯಾಕೆ ಹಂಗೇ ಹೋದ್ರು?" ಎಂದು ಲೋಟ ಹಿಡಿದು ಬಂದ ಹೆಂಡತಿ ಕೇಳಿದಳು.

"ಬ್ಯಾಟರಿ ಬದಲಾಯಿಸ್ತಿದ್ದಾನೆ. ಸಿಕ್ಕಿಬಿದ್ದ."

"ಯಾರು, ಅವರಾ? ಎದುರಿಗೇ ಅಂದ್ರಾ?"

"ಅಂದೆ."

ಏನೋ ಹೇಳಲು ಬಂದವಳು ತಡೆದುಕೊಂಡು, ಸೊಂಟ ಹಿಡಿದುಕೊಂಡು ಒಳಗೆ ಹೋದಳು. ಬೀಗದವನ ಕಣ್ಣು ಈಗ ಅವಳ ಬೆನ್ನ ಹಿಂದೆ ಹೋಯಿತು. ಇವಳಿಗೇನಾದರೂ ಗೊತ್ತಿದೆಯೇ? ಇಬ್ಬರೂ ಸೇರಿ ತನ್ನ ಕಾರನ್ನು ಮಾರಿಸಲು ಹೂಡಿದ ಆಟವೇ ಇದು?

ಮುಂದಿನ ರಜೆ ಬಂತು. ಫ್ಯೂಸಣ್ಣ ಬರಲಿಲ್ಲ. ಬೀಗದವನು ಒಬ್ಬನೇ ಶೆಡ್ಡಿನಲ್ಲಿ ಬೆಳಗ್ಗಿನಿಂದ ಒಂದೇ ನಟ್ಟನ್ನು ಬಿಗಿ ಮಾಡಿದ, ಸಡಿಲ ಮಾಡಿದ. ಟಾರ್ಚು ಹಿಡಿಯುವವರಿಲ್ಲದೆ ಕಾರಿನ ಕೆಳಗಿನ ಕೆಲಸ ಸಾಗಲಿಲ್ಲ. ಮಾತನಾಡುವವರಿಲ್ಲದೆ ಮೇಲಿನದೂ ಸಾಗಲಿಲ್ಲ. ನೆರೆಮನೆಯಲ್ಲಿ ಸಿಕ್ಕಿದ ಹಳೇ ಚಾರ್ಜರ್ ತಂದು ತಾನೇ ಬ್ಯಾಟರಿ ತುಂಬಿಸಿದ. ವಾರದೊಳಗೆ ಅದು ಮತ್ತೆ ಇಳಿಯಿತು.

ಫ್ಯೂಸಣ್ಣ ಮುಟ್ಟದೆಯೂ ಇಳಿಯಿತು. ಇಷ್ಟಾದರೂ ಅವನ ಅನುಮಾನ ಸಾಯಲಿಲ್ಲ, ದಾರಿ ಬದಲಾಯಿಸಿತು ಅಷ್ಟೆ. ತಾನು ಅಂಗಡಿಗೆ ಹೋದ ಮೇಲೆ ಯಾರೋ ಶೆಡ್ಡಿಗೆ ಬರುತ್ತಿದ್ದಾರೆ. ಆ ಫ್ಯೂಸಣ್ಣನೇ ಹಠಕ್ಕೆ ಬಿದ್ದು ಕಾರನ್ನು ಹಾಳುಮಾಡುತ್ತಿರಬಹುದು.

ಬೀಗ ಸಲೀಸಾಗಿ ತಿರುಗಲೆಂದು ಬೀಗದವರು ಒಳಗೆ ಊದುವ ಕಪ್ಪು ಪುಡಿಯೊಂದಿದೆ, ಪೆನ್ಸಿಲ್ ಕಡ್ಡಿಯನ್ನು ಅರೆದಂಥದ್ದು. ಮುಟ್ಟಿದ ಬೆರಳನ್ನು ಅದು ಸುಲಭಕ್ಕೆ ಬಿಡುವುದಿಲ್ಲ. ಬ್ಯಾಟರಿ ತುಂಬಿಸಿದ ಮೇಲೆ, ಅಂಗಡಿಗೆ ಹೊರಡುವ ಮುಂಚೆ, ಬೀಗದವನು ಕಾರಿನ ನಾಲ್ಕೂ ಬಾಗಿಲಿನ ಹಿಡಿಯ ಒಳಮೈಗೆ ಆ ಪುಡಿ ಊದಿದ. ಬಾನೆಟ್ಟಿನ ಅಂಚಿಗೂ ಊದಿದ. ಹೆಂಡತಿಗೆ ಹೇಳಲಿಲ್ಲ.

ಸಂಜೆ ಬಂದು ನೋಡಿದರೆ ಬಾನೆಟ್ಟಿನ ಪುಡಿ ಇಟ್ಟಂತೆಯೇ ಇತ್ತು. ಎಡಗಡೆಯ ಮುಂಬಾಗಿಲ ಹಿಡಿಯ ಪುಡಿ ಅಳಿಸಿಹೋಗಿತ್ತು. ಈಗಲೇ ಹೋಗಿ ಫ್ಯೂಸಣ್ಣನ ಕೈ ಹಿಡಿದು ತಿರುಗಿಸಿ ನೋಡಬೇಕು ಎಂದುಕೊಂಡ. ಆದರೆ ಅವನ ಕೈ ಯಾವಾಗ ಕಪ್ಪಗಿರಲಿಲ್ಲ?

ಕಾಲು ತೊಳೆದು ಒಳಗೆ ಬಂದ. ಮಂಚದ ಮೇಲೆ ಹೆಂಡತಿ ಬೆನ್ನಿಗೆ ಇಟ್ಟುಕೊಳ್ಳುವ ಸಣ್ಣ ದಿಂಬಿತ್ತು. ಅದರ ಬಿಳಿ ಚೀಲದ ಮೇಲೆ ನಾಲ್ಕು ಬೆರಳಿನ ಕಪ್ಪು ಗುರುತು.

ಬೀಗದವನು ದಿಂಬನ್ನು ಎತ್ತಿ ಹಿಡಿದ. ಹೆಂಡತಿ ಯಂತ್ರದ ಚಕ್ರ ನಿಲ್ಲಿಸಿದಳು.

"ಬೆನ್ನುನೋವು ರೀ" ಎಂದಳು. "ಮಧ್ಯಾಹ್ನ ಹೊಲಿಗೆ ಮುಗಿದ ಮೇಲೆ ನೆಟ್ಟಗೆ ನಿಲ್ಲೋಕಾಗಲ್ಲ. ಒಂದು ದಿನ ನೋಡೋಣ ಅಂತ ಕೂತೆ. ಆ ಸೀಟು ಬಿಸಿಯಾಗಿ, ಬೆನ್ನಿಗೆ ಯಾರೋ ಕೈ ಇಟ್ಟ ಹಾಗಾಯ್ತು. ಕೀಲಿ ಮೊಳೆಗೇ ನೇತಾಡ್ತಿರುತ್ತಲ್ಲ."

"ಸವತಿ ಅಂತಿದ್ದೆ."

"ಅಂತಿದ್ದೆ. ಅದಕ್ಕೇ ಹೇಳಲಿಲ್ಲ. ನೀವು ಜೀವನಪೂರ್ತಿ ಆಡ್ಕೊಳ್ತೀರ ಅಂತ. ಕೂತು ಕೂತು ನಿದ್ದೆ ಬಂದುಬಿಡ್ತಿತ್ತು. ಬ್ಯಾಟರಿ ಅದಕ್ಕೇ ಇಳಿಯುತ್ತೆ ಅಂತ ನನಗೇನು ಗೊತ್ತು? ಗಾಡಿ ಚಾಲೂ ಮಾಡಿರಲಿಲ್ಲವಲ್ಲ."

ಬೀಗದವನು ದಿಂಬು ಹಿಡಿದೇ ಮಂಚದ ಮೇಲೆ ಕೂತ. ಕೀಲಿ ತಿರುಗಿಸದೆ ಬಿಸಿಯಾಗುವಂತೆ ಬ್ಯಾಟರಿಯಿಂದ ನೇರ ವೈರು ಎಳೆದವನು ತಾನು. ಸ್ವಿಚ್ಚು ಕೂರಿಸಿದವನು ತಾನು. ಮೀಟರು ಹಿಡಿದಾಗ ಸ್ವಿಚ್ಚು ಆಫ್ ಆಗಿರುತ್ತಿತ್ತು, ಫ್ಯೂಸಣ್ಣನಿಗೆ ಏನು ಸಿಗಬೇಕು? ಊರಿನ ಕಳ್ಳರನ್ನೆಲ್ಲ ಮನಸ್ಸಿನಲ್ಲೇ ಹಿಡಿದಿದ್ದ, ತನ್ನ ಕೈಕೆಲಸವೊಂದನ್ನು ಬಿಟ್ಟು.

"ಏಳಿ, ಅಣ್ಣನ ಹತ್ರ ಹೋಗೋಣ" ಎಂದಳು ಅವಳು. "ನೀವು ಮಾತಾಡ್ಬೇಡಿ. ನೀವು ಬಾಯಿ ಬಿಟ್ರೆ ಇದ್ದದ್ದೂ ಹೋಗುತ್ತೆ."

ಆ ಮಧ್ಯಾಹ್ನದ ಉದ್ದ ನಿದ್ದೆಗೆ ಬ್ಯಾಟರಿ ಮತ್ತೆ ಇಳಿದಿತ್ತು, ಕಾರು ಏಳುವಂತಿರಲಿಲ್ಲ. ಬ್ಯಾಟರಿಯನ್ನು ಸೈಕಲ್ ಕ್ಯಾರಿಯರ್‌ಗೆ ಕಟ್ಟಿ ತಳ್ಳಿಕೊಂಡು ಇಬ್ಬರೂ ನಡೆದರು. ಫ್ಯೂಸಣ್ಣ ಅಂಗಡಿಯ ಹೊಸ್ತಿಲಲ್ಲಿ ಕೂತು ಯಾವುದೋ ಹಾರನ್ ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ. ಅವಳೇ ಎಲ್ಲ ಹೇಳಿದಳು. ದಿಂಬಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ಎದ್ದು ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ ಮೇಲೆ ಮಾತು ಹೊರಟಿತು.

"ನೇರ ಎಳೆದೆಯಾ?"

"ಹೂಂ" ಎಂದ ಬೀಗದವನು.

"ನನಗೆ ಹೇಳಲಿಲ್ಲ."

"ನಗ್ತೀಯ ಅಂತ."

"ನಗ್ತಿದ್ದೆ. ನಕ್ಕು ಸರಿ ಮಾಡಿಕೊಡ್ತಿದ್ದೆ." ಮೇಜಿನ ಮೇಲಿದ್ದ ಮಾರ್ಕರನ್ನು ತೆಗೆದು ಗೆಳೆಯನ ಮುಂದೆ ಹಿಡಿದ. "ತಗೋ, ಚುಕ್ಕೆ ಇಡು. ಈ ಸಲ ನನ್ನೆದುರಿಗೇ ಇಡು."

ಬೀಗದವನು ಕೈ ಚಾಚಲಿಲ್ಲ. ಫ್ಯೂಸಣ್ಣನೇ ಬ್ಯಾಟರಿಯ ಮೇಲೆ ದಪ್ಪಗೆ ಒಂದು ಚುಕ್ಕೆ ಇಟ್ಟ.

ಮುಂದಿನ ರಜೆಗೆ ಫ್ಯೂಸಣ್ಣ ಬಂದ. ವೈರನ್ನು ಕೀಲಿಯ ಮೂಲಕ ಹಾಯಿಸಿ ಸರಿಮಾಡಿದ. ಅವಳು ಕೂತಾಗ ಬ್ಯಾಟರಿ ಇಳಿಯದಿರಲೆಂದು ಮನೆಯ ಕರೆಂಟಿನಿಂದ ಶೆಡ್ಡಿಗೊಂದು ಚಾರ್ಜರ್ ಕೂಡ ಎಳೆದುಕೊಟ್ಟ. ಅವಳೀಗ ರಾಜಾರೋಷವಾಗಿ ದಿಂಬು ಹಿಡಿದು ಹೋಗಿ ಕೂರುತ್ತಾಳೆ. ಸವತಿ ಎಂದು ಈಗಲೂ ಕರೆಯುತ್ತಾಳೆ, ಆದರೆ ದನಿ ಬೇರೆ.

ಫ್ಯೂಸಣ್ಣ ಮಾತ್ರ ಅಂದಿನಿಂದ ಒಬ್ಬನೇ ಬಾನೆಟ್ ಎತ್ತಿಲ್ಲ. "ಬಾ, ಪಕ್ಕ ನಿಲ್ಲು" ಎಂದು ಬೀಗದವನನ್ನು ಕರೆದು ನಿಲ್ಲಿಸಿಕೊಂಡೇ ಸ್ಪ್ಯಾನರು ಹಿಡಿಯುತ್ತಾನೆ. ಕೆಲಸ ಮುಗಿಸಿ ಹೊರಡುವಾಗ ಎರಡೂ ಅಂಗೈ ಬಿಡಿಸಿ, "ನೋಡ್ಕೋ, ಖಾಲಿ" ಎಂದು ತೋರಿಸುತ್ತಾನೆ. ತಮಾಷೆಗೇ. ಅವಳು ನಗುತ್ತಾಳೆ, ಅವನೂ ನಗುತ್ತಾನೆ. ಬೀಗದವನು ಆ ಕಪ್ಪು ಅಂಗೈಗಳನ್ನು ನೋಡಲಾಗದೆ ಬಾಗಿ, ಬಿಗಿಯಾಗಿಯೇ ಇರುವ ಯಾವುದೋ ನಟ್ಟನ್ನು ಮತ್ತೆ ಬಿಗಿ ಮಾಡುತ್ತಾನೆ.